ಒಂದು ಹಗಲಿನ ದಿಲ್ಲಿ

ದಿಲ್ಲಿಯೊಳಗೆ ಏಳು ದಿಲ್ಲಿಗಳು ಅಡಗಿವೆಯೆಂಬುದು ಹಳೆಯ ಮಾತು. ಲಾಲ್ ಕೋಟ್, ಸೀರಿ, ತುಘಲಕಾಬಾದ್, ಜಹಾನ್‌ಪನಾ, ಫಿರೋಜಾಬಾದ್, ಹುಮಾಯೂನನೂ ಶೇರ್ ಷಹನೂ ಕಟ್ಟಿದ ಪುರಾನಾ ಕಿಲಾ, ಕೊನೆಗೆ ಷಹಜಹಾನನ ಷಹಜಹಾನಾಬಾದ್ ಎಂದು ಎಣಿಸುತ್ತ ಹೋದರೆ ಏಳಾಗುತ್ತವೆ. ಆಂಗ್ಲರು ಕಟ್ಟಿದ ಹೊಸ ದಿಲ್ಲಿಯನ್ನೂ ಸೇರಿಸಿಕೊಂಡರೆ ಎಂಟು. ಒಬ್ಬ ದೊರೆ ಕಟ್ಟಿದ ಊರನ್ನು ಮುಂದಿನವನು ತೊರೆದನು. ಹಾಗೆ ತೊರೆದ ಊರಿನ ಕಲ್ಲುಗಳನ್ನೇ ಹೊತ್ತು ಮತ್ತೊಬ್ಬನು ಬೇರೆಡೆ ಕಟ್ಟಿಸಿದನು. ಎಂಟು ನೂರು ವರ್ಷಗಳಿಗೂ ಮಿಕ್ಕಿದ ಈ ಕಟ್ಟುವ ಕೆಡಹುವ ಕಥೆಯನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸಬಹುದೆಂದರೆ ಇತಿಹಾಸ ಬಲ್ಲವರು ನಕ್ಕಾರು. ಆದರೆ ದಿಲ್ಲಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿಯ ಪಾಲಿಗೆ ಇರುವುದೇ ಒಂದು ಹಗಲು. ಹಿಂದಿನ ದಿನ ಹರಿದ್ವಾರದಿಂದಲೋ ಆಗ್ರಾದಿಂದಲೋ ಬಂದಿರುತ್ತಾರೆ. ಊರಿಗೆ ಮರಳುವ ರೈಲಿನ ಟಿಕೆಟು ಕೈಯಲ್ಲಿರುತ್ತದೆ. ಅಂಥವರಿಗಾಗಿಯೇ ಪ್ರವಾಸದ ಬಸ್ಸುಗಳು ಹುಟ್ಟಿಕೊಂಡಿವೆ.

ಚಳಿಗಾಲದ ಒಂದು ಭಾನುವಾರ. ಕನಾಟ್ ಪ್ಲೇಸಿನ ಬಿಳಿಯ ಕಂಬಗಳು ಮಂಜಿನಲ್ಲಿ ಅರ್ಧ ಕರಗಿದ್ದುವು. ಬೆಳಿಗ್ಗೆ ಒಂಬತ್ತಕ್ಕೆ ಹೊರಡಬೇಕಾದ ಬಸ್ಸು ಒಂಬತ್ತೂವರೆಗೆ ಹೊರಟಿತು. ಗುಜರಾತಿನ ಒಂದು ದೊಡ್ಡ ಸಂಸಾರ, ಬಂಗಾಳದ ನವದಂಪತಿಗಳು, ಕೊಯಮತ್ತೂರಿನ ಕಡೆಯ ಮೂವರು ತರುಣರು, ಇವರೆಲ್ಲರ ನಡುವೆ ಮಂಡ್ಯದ ಕಡೆಯಿಂದ ಬಂದ ವೃದ್ಧ ದಂಪತಿಗಳು. ಆತ ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಇತಿಹಾಸ ಹೇಳಿ ನಿವೃತ್ತರಾದ ಮೇಷ್ಟ್ರು. ಕುತುಬ್ ಮಿನಾರನ್ನು ಕರಿಹಲಗೆಯ ಮೇಲೆ ಅವರು ಎಷ್ಟು ಬಾರಿ ಬರೆದು ಅಳಿಸಿದ್ದರೋ ಲೆಕ್ಕವಿಲ್ಲ, ಕಣ್ಣಾರೆ ಕಂಡಿರಲಿಲ್ಲ. ಆಕೆಗೆ ಇಸವಿಗಳ ಗೊಡವೆಯಿಲ್ಲ. ದಿಲ್ಲಿಯಲ್ಲಿ ನೋಡಬೇಕಾದ ಒಂದೇ ಒಂದು ವಸ್ತು ಆಕೆಯ ಮನಸ್ಸಿನಲ್ಲಿತ್ತು. ಅದು ಕೆಂಪುಕೋಟೆಯ ಮೇಲಿನ ಬಾವುಟ.

ಬಸ್ಸು ಹತ್ತಿದೊಡನೆ ಗೈಡು ಎಲ್ಲರಿಗೂ ಒಂದೊಂದು ಮುದ್ರಿತ ಚೀಟಿ ಹಂಚಿದನು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. ಪಟ್ಟಿಯ ಕೊನೆಯಲ್ಲಿ ಕೆಂಪುಕೋಟೆಯ ಹೆಸರಿತ್ತು. ಅದರ ಮುಂದೆ ಸಣ್ಣ ಅಕ್ಷರಗಳಲ್ಲಿ ‘ಹೊರಗಿನಿಂದ’ ಎಂದು ಅಚ್ಚಾಗಿತ್ತು. ಅವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಹೆಂಡತಿಗೆ ಹೇಳಲಿಲ್ಲ.

ಗುಡ್ಡದ ಮೇಲಿನ ಹೊಸ ರಾಜಧಾನಿ

ಮೊದಲು ಸಿಕ್ಕಿದುದು ಲಕ್ಷ್ಮೀನಾರಾಯಣ ಮಂದಿರ. ಬಿರ್ಲಾ ಮಂದಿರವೆಂದೇ ಇದಕ್ಕೆ ರೂಢಿಯ ಹೆಸರು. 1939ರಲ್ಲಿ ಮಹಾತ್ಮಾ ಗಾಂಧಿಯವರು ಇದನ್ನು ಉದ್ಘಾಟಿಸಿದರು. ಎಲ್ಲ ಜಾತಿಯವರಿಗೂ ಇಲ್ಲಿ ಪ್ರವೇಶವಿರಬೇಕೆಂಬುದು ಅವರು ಹಾಕಿದ ಕಟ್ಟಳೆ. ಇಪ್ಪತ್ತು ನಿಮಿಷಗಳ ದರ್ಶನ ಮುಗಿಸಿ ಬಸ್ಸು ರಾಯ್‌ಸೀನಾ ಗುಡ್ಡದತ್ತ ತಿರುಗಿತು.

1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆಯು ದಿಲ್ಲಿ ದರ್ಬಾರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ವರ್ಗಾಯಿಸುವುದಾಗಿ ಘೋಷಿಸಿದನು. ಅದಕ್ಕಾಗಿ ಕಟ್ಟಿದ ಹೊಸ ನಗರದ ಶಿಲ್ಪಿಗಳು ಲುಟಿಯೆನ್ಸ್ ಮತ್ತು ಬೇಕರ್. 340 ಕೋಣೆಗಳ ಮಹಾಸೌಧ ವೈಸರಾಯನಿಗೆಂದು ಎದ್ದಿತು. ಇಂದು ಅದು ರಾಷ್ಟ್ರಪತಿ ಭವನ. ವಿಶಾಲವಾದ ರಾಜಬೀದಿಯಲ್ಲಿ ದೂರದಿಂದ ಬರುವಾಗ ಅದರ ಗುಮ್ಮಟ ಕಣ್ತುಂಬ ಕಾಣುತ್ತದೆ. ಹತ್ತಿರ ಬಂದಂತೆ, ಆಶ್ಚರ್ಯ, ಕಟ್ಟಡವೇ ಏರಿನ ಹಿಂದೆ ಮುಳುಗತೊಡಗುತ್ತದೆ! ರಸ್ತೆಯ ಏರು ಎಷ್ಟಿರಬೇಕೆಂಬ ಪ್ರಶ್ನೆಯ ಮೇಲೆ ಇಬ್ಬರು ಶಿಲ್ಪಿಗಳಿಗೂ ಮನಸ್ತಾಪವುಂಟಾಗಿ, ಹಳೆಯ ಸ್ನೇಹವೇ ಮುರಿಯಿತು. 1931ರಲ್ಲಿ ನಗರದ ಉದ್ಘಾಟನೆ ವಿಜೃಂಭಣೆಯಿಂದ ನಡೆಯಿತು. ಶತಮಾನಗಳ ಕಾಲ ಆಳಲೆಂದು ಕಟ್ಟಿದವರು ಹದಿನಾರೇ ವರ್ಷಗಳಲ್ಲಿ ಬೀಗದ ಕೈ ಒಪ್ಪಿಸಿ ಹೊರಟುಹೋದರು.

ಗುಡ್ಡದ ತಪ್ಪಲಿನಲ್ಲಿ 144 ಕಂಬಗಳ ದುಂಡನೆಯ ಹಳೆಯ ಸಂಸತ್ ಭವನ. ಅದರ ಪಕ್ಕದಲ್ಲಿಯೇ 2023ರ ಮೇ 28ರಂದು ಉದ್ಘಾಟನೆಯಾದ ತ್ರಿಕೋನಾಕಾರದ ಹೊಸ ಭವನ. ಒಂದು ಕಾಲಕ್ಕೆ ಕಿಂಗ್ಸ್‌ವೇ ಆಗಿದ್ದ ಬೀದಿ ಸ್ವಾತಂತ್ರ್ಯದ ಅನಂತರ ರಾಜಪಥವಾಗಿ, 2022ರಿಂದ ಕರ್ತವ್ಯ ಪಥವಾಗಿದೆ. ಬೀದಿಯ ಮತ್ತೊಂದು ತುದಿಯಲ್ಲಿ 42 ಮೀಟರ್ ಎತ್ತರದ ಇಂಡಿಯಾ ಗೇಟು. ಬ್ರಿಟಿಷರ ಪರವಾಗಿ ಮೊದಲನೆಯ ಮಹಾಯುದ್ಧದಲ್ಲಿಯೂ ಮೂರನೆಯ ಆಫ್ಘನ್ ಯುದ್ಧದಲ್ಲಿಯೂ ಮಡಿದ ಹದಿಮೂರು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳು ಅದರ ಗೋಡೆಗಳ ಮೇಲೆ ಕೆತ್ತಲ್ಪಟ್ಟಿವೆ. ಅದರ ಆಚೆಗಿರುವ ಕಲ್ಲಿನ ಮಂಟಪದಲ್ಲಿ ಐದನೆಯ ಜಾರ್ಜನ ವಿಗ್ರಹ ನಿಂತಿದ್ದಿತು. 1968ರಲ್ಲಿ ಅದನ್ನು ಅಲ್ಲಿಂದ ತೆಗೆದರು. ಬಹುಕಾಲ ಬರಿದಾಗಿದ್ದ ಮಂಟಪದಲ್ಲಿ 2022ರಿಂದ ನೇತಾಜಿ ಸುಭಾಷಚಂದ್ರ ಬೋಸರ ಪ್ರತಿಮೆಯಿದೆ.

“ಇದೇ ಏನು ಕೋಟೆ?” ಎಂದು ಆಕೆ ಕೇಳಿದರು.

“ಅಲ್ಲ ಕಣೆ. ಅದು ಕಡೆಯಲ್ಲಿ ಬರುತ್ತೆ,” ಎಂದು ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು.

ತುಕ್ಕು ಹಿಡಿಯದ ಕಂಬ

ಮಂಜು ತಿಳಿಯಾಗುವ ವೇಳೆಗೆ ಕುತುಬ್ ಮಿನಾರು ಕಾಣಿಸಿತು. 72.5 ಮೀಟರ್ ಎತ್ತರದ ಈ ಕೆಂಗಲ್ಲಿನ ಗೋಪುರವನ್ನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕುತುಬುದ್ದೀನ್ ಐಬಕನು ಆರಂಭಿಸಿದನು. ಅವನ ಅಳಿಯ ಇಲ್ತಮಿಷನು ಮುಂದುವರಿಸಿದನು. ಸಿಡಿಲಿಗೆ ತುತ್ತಾದ ಮೇಲ್ಭಾಗವನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಹ ತುಘಲಕನು ಸರಿಪಡಿಸಿ, ಅಮೃತಶಿಲೆಯನ್ನು ಬಳಸಿ ಎರಡು ಅಂತಸ್ತುಗಳನ್ನು ಕಟ್ಟಿಸಿದನು. ಕೆಳಗಿನ ಮೂರು ಅಂತಸ್ತುಗಳಿಗೂ ಮೇಲಿನ ಎರಡಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರುವುದು ಇದರಿಂದಲೇ. 1803ರ ಭೂಕಂಪದ ಅನಂತರ ಸ್ಮಿತ್ ಎಂಬ ಆಂಗ್ಲ ಅಧಿಕಾರಿ ಇದರ ನೆತ್ತಿಗೆ ಒಂದು ಛತ್ರಿಯನ್ನು ಕೂರಿಸಿದನು. ಅದು ನೋಡಲು ಒಪ್ಪುವುದಿಲ್ಲವೆಂದು 1848ರಲ್ಲಿ ಕೆಳಗಿಳಿಸಿದರು. ಇಂದಿಗೂ ಆ ಛತ್ರಿ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ನಿಂತಿದೆ.

ಕೊಯಮತ್ತೂರಿನ ತರುಣರು ಮೇಲೆ ಹತ್ತಬಹುದೇ ಎಂದು ವಿಚಾರಿಸಿದರು. ಗೈಡು ತಲೆಯಲ್ಲಾಡಿಸಿದನು. ಒಳಗೆ 379 ಮೆಟ್ಟಿಲುಗಳಿವೆ. 1981ರ ಡಿಸೆಂಬರ್ 4ರಂದು ಮೆಟ್ಟಿಲುಗಳ ದೀಪ ಆರಿ, ಕತ್ತಲೆಯಲ್ಲಿ ಗಾಬರಿಗೊಂಡ ಜನ ಒಬ್ಬರ ಮೇಲೊಬ್ಬರು ಬಿದ್ದು 45 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಶಾಲೆಯ ಮಕ್ಕಳು. ಅಂದಿನಿಂದ ಬಾಗಿಲು ಮುಚ್ಚಿದೆ. ಮೇಷ್ಟ್ರು ಆ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಶಾಲೆಯ ಪ್ರವಾಸವೆಂದು ಮಕ್ಕಳನ್ನು ಹಂಪೆಗೆ, ಶ್ರವಣಬೆಳಗೊಳಕ್ಕೆ, ಹಳೇಬೀಡಿಗೆ ಕರೆದೊಯ್ದು, ತಲೆ ಎಣಿಸಿ ಎಣಿಸಿ ಬಸ್ಸು ಹತ್ತಿಸಿದವರಿಗೆ ಆ ಸಂಖ್ಯೆ ಬರಿಯ ಸಂಖ್ಯೆಯಾಗಿ ಕೇಳಿಸುವುದಿಲ್ಲ.

ಮಿನಾರಿನ ಪಕ್ಕದ ಮಸೀದಿಗೆ 27 ದೇವಾಲಯಗಳ ಸಾಮಗ್ರಿಯನ್ನು ಬಳಸಲಾಯಿತೆಂದು ಅಲ್ಲಿಯ ಶಾಸನವೇ ಸಾರುತ್ತದೆ. ಗಂಟೆ, ಸರಪಳಿ, ಪೂರ್ಣಕುಂಭಗಳ ಕೆತ್ತನೆಯುಳ್ಳ ಕಂಬಗಳು ಅದರ ಅಂಗಳದ ಸುತ್ತಲೂ ಸಾಲಾಗಿ ನಿಂತಿವೆ. ಅಂಗಳದ ನಡುವೆ 7.2 ಮೀಟರ್ ಎತ್ತರದ, ಆರು ಟನ್ನುಗಳಿಗೂ ಮಿಕ್ಕಿ ತೂಗುವ ಕಬ್ಬಿಣದ ಕಂಬ. ಸುಮಾರು ಸಾವಿರದ ಆರು ನೂರು ವರ್ಷಗಳ ಮಳೆ ಬಿಸಿಲನ್ನು ಕಂಡರೂ ಅದು ತುಕ್ಕು ತಿಂದು ಹೋಗಿಲ್ಲ. ಅದರ ಮೇಲಿರುವ ಸಂಸ್ಕೃತ ಶಾಸನವು ಚಂದ್ರನೆಂಬ ರಾಜನನ್ನು ಹೊಗಳುತ್ತದೆ. ಅವನು ಗುಪ್ತರ ಇಮ್ಮಡಿ ಚಂದ್ರಗುಪ್ತನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಕಂಬದ ಗುಟ್ಟು ಅದರ ಕಬ್ಬಿಣದಲ್ಲಿರುವ ರಂಜಕದ ಅಂಶದಲ್ಲಿದೆಯೆಂದು ಕಾನ್ಪುರದ ಐ.ಐ.ಟಿ.ಯ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ಅವರು ತೋರಿಸಿಕೊಟ್ಟರು. ರಂಜಕದ ದೆಸೆಯಿಂದ ಕಂಬದ ಮೈಮೇಲೆ ಬಲು ತೆಳ್ಳನೆಯ ಪೊರೆಯೊಂದು ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಬೆನ್ನು ಕೊಟ್ಟು ನಿಂತು ಕಂಬವನ್ನು ತೋಳಿನಿಂದ ಬಳಸಿದವರಿಗೆ ಅದೃಷ್ಟ ಒಲಿಯುವುದೆಂಬ ನಂಬಿಕೆಯಿತ್ತು. ಜನರ ಕೈ ತಾಗಿ ತಾಗಿ ಕಂಬಕ್ಕೆ ಕೆಡುಕಾಗುವುದೆಂದು 1997ರಲ್ಲಿ ಸುತ್ತಲೂ ಬೇಲಿ ಹಾಕಿದರು.

ಸ್ವಲ್ಪ ದೂರದಲ್ಲಿ ಒರಟು ಕಲ್ಲಿನ ಒಂದು ದಪ್ಪ ಮೊಂಡು ಗೋಪುರ. ಕುತುಬ್ ಮಿನಾರಿನ ಎರಡರಷ್ಟು ಎತ್ತರಕ್ಕೆ ಕಟ್ಟಬೇಕೆಂದು ಅಲಾವುದ್ದೀನ್ ಖಲ್ಜಿಯು ತೊಡಗಿಸಿದ ಅಲಾಯಿ ಮಿನಾರು ಇದು. 1316ರಲ್ಲಿ ಅವನು ಸತ್ತನು. ಕೆಲಸ ಮೊದಲನೆಯ ಅಂತಸ್ತಿಗೇ, ಸುಮಾರು 25 ಮೀಟರ್ ಎತ್ತರಕ್ಕೇ ನಿಂತಿತು. ಮೇಷ್ಟ್ರಿಗೆ ಉತ್ಸಾಹ ಬಂದಿತು. “ನೋಡು, ಪಕ್ಕದ ಆ ಅಲಾಯಿ ದರ್ವಾಜಾ ಮುಗಿದದ್ದು 1311ರಲ್ಲಿ. ಅದೇ ವರ್ಷವೇ ಇವನ ಸೇನಾಪತಿ ಮಲಿಕ್ ಕಾಫೂರ್ ನಮ್ಮ ದೋರಸಮುದ್ರಕ್ಕೆ ಮುತ್ತಿಗೆ ಹಾಕಿದ್ದು. ಮುಮ್ಮಡಿ ಬಲ್ಲಾಳನ ಭಂಡಾರ ಬಂದದ್ದು ಈ ಊರಿಗೇ.”

ಆಕೆಗೆ ಬೇರೊಂದು ನೆನಪು. “ನಮ್ಮ ಮೇಲುಕೋಟೆಯ ಚೆಲುವಪಿಳ್ಳೆರಾಯ ದಿಲ್ಲಿಯ ಅರಮನೆಯಲ್ಲಿ ಇದ್ದನಲ್ಲ, ಅದು ಎಲ್ಲಿ ಅಂತ ಕೇಳಿ.”

ರಾಮಾನುಜಾಚಾರ್ಯರು ದಿಲ್ಲಿಯ ಸುಲ್ತಾನನ ಬಳಿಯಿಂದ ಉತ್ಸವಮೂರ್ತಿಯನ್ನು ತಂದರೆಂದೂ, ಮೂರ್ತಿಯನ್ನು ಅಗಲಲಾರದೆ ಸುಲ್ತಾನನ ಮಗಳು ಮೇಲುಕೋಟೆಯವರೆಗೂ ಹಿಂಬಾಲಿಸಿ ಬಂದು ದೇವರಲ್ಲಿ ಐಕ್ಯಳಾಗಿ ಬೀಬಿ ನಾಚಿಯಾರ್ ಎನಿಸಿದಳೆಂದೂ ಐತಿಹ್ಯವಿದೆ. ಮೇಷ್ಟ್ರು ನಕ್ಕರು. “ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದೇ 1206ರಲ್ಲಿ. ರಾಮಾನುಜರ ಕಾಲ ಅದಕ್ಕೂ ಹಿಂದಿನದು.”

“ನಿಮ್ಮ ಇಸವಿಗಾಗಿ ಆ ಮಗು ಕಾಯಲಿಲ್ಲ ಬಿಡಿ,” ಎಂದು ಆಕೆ ಮುಂದೆ ನಡೆದರು.

ಸಮಾಧಿಯ ನೆರಳಿನಲ್ಲಿ

ಊಟದ ಹೋಟೆಲಿನಲ್ಲಿ ಒಂದು ಗಂಟೆಗೆ ಬದಲು ಒಂದೂವರೆ ಗಂಟೆ ಕಳೆಯಿತು. ಭಾನುವಾರವಾದ್ದರಿಂದ ಎಲ್ಲಿ ನೋಡಿದರೂ ಜನ, ವಾಹನ. ಹುಮಾಯೂನನ ಗೋರಿಯನ್ನು ತಲುಪುವ ಹೊತ್ತಿಗೆ ಮೂರು ಹೊಡೆದಿತ್ತು.

1556ರ ಜನವರಿಯಲ್ಲಿ ಹುಮಾಯೂನನು ಪುರಾನಾ ಕಿಲಾದ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಉರುಳಿ ಬಿದ್ದು ಪ್ರಾಣಬಿಟ್ಟನು. ಬಾಳೆಲ್ಲ ರಾಜ್ಯ ಕಳೆದುಕೊಂಡು ಅಲೆದವನು, ಅದನ್ನು ಮರಳಿ ಪಡೆದು ಒಂದು ವರ್ಷವೂ ತುಂಬಿರಲಿಲ್ಲ. ಅವನ ಹಿರಿಯ ರಾಣಿ ಬೇಗಾ ಬೇಗಂ ಈ ಸಮಾಧಿಯನ್ನು ಕಟ್ಟಿಸಿದಳು. ಪಾರಸಿಕ ಶಿಲ್ಪಿ ಮೀರಕ್ ಮಿರ್ಜಾ ಗಿಯಾಸ್ ಇದರ ನಕ್ಷೆಗಾರ. 1572ರ ಹೊತ್ತಿಗೆ ಕೆಲಸ ಮುಗಿಯಿತು. ನಾಲ್ಕು ಭಾಗಗಳಾಗಿ ಹರಡಿದ ತೋಟ, ಸಣ್ಣ ನೀರಿನ ಕಾಲುವೆಗಳು, ಎತ್ತರದ ಜಗಲಿಯ ಮೇಲೆ ಕೆಂಗಲ್ಲು, ಅದರ ನೆತ್ತಿಯ ಮೇಲೆ ಬಿಳಿಯ ಗುಮ್ಮಟ. ತಾಜಮಹಲು ಕಣ್ಣಿಗೆ ಬೀಳುವುದಕ್ಕೆ ಅರವತ್ತು ವರ್ಷಗಳ ಮುನ್ನವೇ ಅದರ ಕನಸನ್ನು ಇಲ್ಲಿ ಯಾರೋ ಕಂಡಂತಿದೆ. 1857ರ ಸೆಪ್ಟೆಂಬರಿನಲ್ಲಿ ದಿಲ್ಲಿ ಬ್ರಿಟಿಷರ ಕೈಸೇರಿದಾಗ, ಕಡೆಯ ಬಾದಷಹ ಬಹಾದುರ್ ಷಹ ಜಫರನು ತನ್ನ ಪೂರ್ವಿಕನ ಈ ಗೋರಿಯಲ್ಲಿಯೇ ಆಶ್ರಯ ಪಡೆದು, ಇಲ್ಲಿಯೇ ಹಾಡ್ಸನನಿಗೆ ಸೆರೆಯಾದನು. ರಂಗೂನಿಗೆ ಗಡೀಪಾರಾಗಿ 1862ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಷ್ಟನ್ನು ದಿನನಿತ್ಯದ ಪಾಠದಂತೆ ಒಪ್ಪಿಸಿದ ಗೈಡು ಕೊನೆಗೆ ತನ್ನ ಮಾತನ್ನೂ ಸೇರಿಸಿದನು. 1947ರಲ್ಲಿ ದೇಶ ಇಬ್ಭಾಗವಾದಾಗ ಈ ತೋಟದಲ್ಲಿಯೂ ಪುರಾನಾ ಕಿಲಾದಲ್ಲಿಯೂ ನಿರಾಶ್ರಿತರ ಶಿಬಿರಗಳೆದ್ದುವು. ಮೊದಲು ಇಲ್ಲಿಂದ ಹೊರಡಬೇಕಾದ ಮುಸಲ್ಮಾನರು, ಆಮೇಲೆ ಅಲ್ಲಿಂದ ಓಡಿಬಂದ ಹಿಂದೂಗಳು, ಸಿಖ್ಖರು. “ನಮ್ಮ ಅಜ್ಜಿ ಲಾಹೋರಿನ ಕಡೆಯಿಂದ ಬಂದವಳು. ಪುರಾನಾ ಕಿಲಾದ ಗೋಡೆಯ ಪಕ್ಕದ ಗುಡಾರದಲ್ಲಿ ತಿಂಗಳುಗಟ್ಟಲೆ ಇದ್ದಳು. ಈ ಕಟ್ಟಡಗಳನ್ನು ತೋರಿಸಿ ನಾನು ಅನ್ನ ಸಂಪಾದಿಸುತ್ತೇನೆಂದರೆ ಅವಳು ನಗುತ್ತಿದ್ದಳು,” ಎಂದನು. ಮೇಷ್ಟ್ರು ಅದನ್ನು ಕನ್ನಡಿಸಿ ಹೇಳಿದಾಗ ಆಕೆ ಆತನನ್ನು ಹೊಸದಾಗಿ ನೋಡುವವರಂತೆ ನೋಡಿದರು.

ಬಸ್ಸು ಮತ್ತೆ ಉತ್ತರಕ್ಕೆ ಹೊರಟಿತು. ಪುರಾನಾ ಕಿಲಾದ ಬುರುಜುಗಳು ಬಲಗಡೆ ಸರಿದುವು. ಫಿರೋಜ್ ಷಹ ಕೋಟ್ಲಾದ ಮೇಲೆ ಅಶೋಕನ ಕಂಬ. ಅಂಬಾಲೆಯ ಬಳಿಯ ತೋಪ್ರಾದಿಂದ ಅದನ್ನು ತರಿಸಿ ನಿಲ್ಲಿಸಿದವನು ಫಿರೋಜ್ ಷಹ. ಅದರ ಲಿಪಿ ಏನೆಂಬುದು ಅವನ ಪಂಡಿತರಿಗೆ ತಿಳಿಯಲಿಲ್ಲ. 1837ರಲ್ಲಿ ಪ್ರಿನ್ಸೆಪ್ ಅದನ್ನು ಓದಿದನು. ಅಲ್ಲಿರುವ ಹೆಸರು ‘ದೇವಾನಾಂಪ್ರಿಯ’ ಎಂಬುದಷ್ಟೆ. ಆ ದೇವಾನಾಂಪ್ರಿಯನು ಅಶೋಕನೇ ಎಂದು ಸಾರಿದ ಶಾಸನ 1915ರಲ್ಲಿ ದೊರೆತುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ರಸ್ತೆಯ ನಡುವೆಯೇ ಖೂನಿ ದರ್ವಾಜಾ. ಜಫರನ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಹಾಡ್ಸನನು ಗುಂಡಿಟ್ಟು ಕೊಂದ ಸ್ಥಳವದು. ಎಲ್ಲವೂ ಕಿಟಕಿಯಲ್ಲಿ ಕ್ಷಣಮಾತ್ರ ಕಂಡು ಹಿಂದೆ ಉಳಿದುವು.

ಹತ್ತು ನಿಮಿಷ

ರಾಜಘಾಟಿನಲ್ಲಿ ಎಲ್ಲರೂ ಪಾದರಕ್ಷೆ ಕಳಚಿದರು. 1948ರ ಜನವರಿ 31ರಂದು ಗಾಂಧೀಜಿಯವರ ದೇಹಕ್ಕೆ ಅಗ್ನಿಸ್ಪರ್ಶವಾದ ಎಡೆಯಲ್ಲಿ ಕಪ್ಪು ಅಮೃತಶಿಲೆಯ ಚೌಕನಾದ ವೇದಿಕೆ. ಅದರ ಮೇಲೆ ‘ಹೇ ರಾಮ್’ ಎಂಬ ಎರಡು ಪದಗಳು. ಪಕ್ಕದಲ್ಲಿ ಆರದ ದೀಪ. ಹಗಲೆಲ್ಲ ಕಂಡ ಗೋರಿಗಳ ಗುಮ್ಮಟಗಳಿಗೆ ಹೋಲಿಸಿದರೆ ಇಲ್ಲಿ ಕಟ್ಟಡವೆಂಬುದೇ ಇಲ್ಲ. ಮೇಲೆ ಇರುವುದು ಆಕಾಶ.

ಹಿಂದಿರುಗಿ ಬರುವಾಗ ಗೈಡು ಗಡಿಯಾರ ನೋಡಿದನು. ವೇಳೆ ಮೀರಿದೆ, ಕೆಂಪುಕೋಟೆಯನ್ನು ಬಸ್ಸಿನಲ್ಲಿ ಕುಳಿತೇ ನೋಡಿಕೊಳ್ಳಬೇಕು ಎಂದು ಸಾರಿದನು. ಇನ್ನು ಮುಚ್ಚಿಡುವಂತಿರಲಿಲ್ಲ. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಹೆಂಡತಿಗೆ ವಿಷಯ ತಿಳಿಸಿದರು.

ಆಕೆ ಸಿಟ್ಟಾಗಲಿಲ್ಲ. “ಬೆಳಿಗ್ಗೆಯೇ ಹೇಳಬಾರದಾಗಿತ್ತೆ?” ಎಂದರು, ಅಷ್ಟೆ. ಆ ಮಾತು ಮೇಷ್ಟ್ರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಟಿತು. ಅವರು ನೇರವಾಗಿ ಗೈಡಿನ ಬಳಿ ಹೋಗಿ ತಮಗೆ ಬರುವ ಇಂಗ್ಲಿಷಿನಲ್ಲಿ, ಬಾರದ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು.

1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಧ್ವಜಾರೋಹಣಕ್ಕೆ ಸಂಸ್ಥಾನದ ಸರ್ಕಾರದ ನಿಷೇಧವಿತ್ತು. ಅದನ್ನು ಮುರಿದು ಟಿ. ಸಿದ್ಧಲಿಂಗಯ್ಯನವರು ಬಾವುಟವೇರಿಸಿದರು, ಬಂಧನಕ್ಕೊಳಗಾದರು. ಸುತ್ತಲ ಹಳ್ಳಿಗಳಿಂದ ನಡೆದು ಬಂದ ಸಹಸ್ರಾರು ಜನರಲ್ಲಿ ಆಕೆಯ ತಂದೆಯೂ ಒಬ್ಬರು. ಆಗ ಅವರಿಗೆ ಹದಿನೆಂಟು ವರ್ಷ. ಆ ಬಾವುಟ ದಿಲ್ಲಿಯ ಕೋಟೆಯ ಮೇಲೆ ಹಾರುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಒಂದು ವರ್ಷ ಮಳೆಯಿಲ್ಲ, ಮತ್ತೊಂದು ವರ್ಷ ಮಗಳ ಮದುವೆ, ಇನ್ನೊಂದು ವರ್ಷ ಗದ್ದೆಯ ಸಾಲ. ಹೋಗಲಾಗಲಿಲ್ಲ.

ಗೈಡು ಒಂದು ನಿಮಿಷ ಏನನ್ನೂ ಹೇಳಲಿಲ್ಲ. ಆಮೇಲೆ ಡ್ರೈವರನ ಕಿವಿಯಲ್ಲಿ ಏನೋ ಹೇಳಿದನು, ಡ್ರೈವರು ಗೊಣಗಿದನು. “ಮಾತಾಜಿ, ಕೋಟೆಯ ಮುಂದೆ ಬಸ್ಸು ನಿಲ್ಲಿಸಗೊಡುವುದಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲಿಸುತ್ತೇನೆ. ಹತ್ತು ನಿಮಿಷ. ಒಳಗೆ ಹೋಗಲಾಗದು,” ಎಂದನು. ಗುಜರಾತಿನ ಸಂಸಾರದ ಯಜಮಾನಿತಿ ಯಾರ ಮಾತಿಗೂ ಕಾಯದೆ, “ಇಪ್ಪತ್ತು ನಿಮಿಷವಾದರೂ ಆಗಲಿ,” ಎಂದರು.

ಸಂಜೆಯ ಬಿಸಿಲಿನಲ್ಲಿ ಕೋಟೆಯ ಗೋಡೆ ಉದ್ದಕ್ಕೂ ಕೆಂಪಗೆ ಹೊಳೆಯುತ್ತಿತ್ತು. ರಾಜಧಾನಿಯನ್ನು ಆಗ್ರಾದಿಂದ ಇಲ್ಲಿಗೆ ತಂದ ಷಹಜಹಾನನು 1639ರಲ್ಲಿ ತೊಡಗಿಸಿ 1648ರಲ್ಲಿ ಮುಗಿಸಿದ ಕೋಟೆ. 1739ರಲ್ಲಿ ನಾದಿರ್ ಷಹನು ಮಯೂರ ಸಿಂಹಾಸನವನ್ನು ಹೊತ್ತೊಯ್ದುದು ಇಲ್ಲಿಂದ. 1858ರಲ್ಲಿ ಜಫರನ ವಿಚಾರಣೆ ನಡೆದುದು ಇಲ್ಲಿ, ಅವನದೇ ದಿವಾನ್-ಇ-ಖಾಸಿನಲ್ಲಿ. 1945ರಲ್ಲಿ ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಸೆಹಗಲ್, ಧಿಲ್ಲೋನರ ವಿಚಾರಣೆಯೂ ಇಲ್ಲಿಯೇ. ಬಾದಷಹನನ್ನು ಕಟಕಟೆಯಲ್ಲಿ ನಿಲ್ಲಿಸಿದ ಕೋಟೆಯ ಮೇಲೆಯೇ ಜವಾಹರಲಾಲ್ ನೆಹರೂ ಅವರು ಸ್ವತಂತ್ರ ಭಾರತದ ಬಾವುಟವನ್ನೇರಿಸಿದರು. ಅದು ಆಗಸ್ಟ್ 15ರಂದೆಂದು ಬಹುಮಂದಿ ತಿಳಿದಿರುವುದುಂಟು. ವಾಸ್ತವವಾಗಿ 1947ರ ಆಗಸ್ಟ್ 16ರಂದು. ಮೇಷ್ಟ್ರೂ ಎಷ್ಟೋ ವರ್ಷ 15 ಎಂದೇ ಪಾಠ ಹೇಳಿದ್ದವರು. ನಿವೃತ್ತರಾದ ಮೇಲೆ ತಪ್ಪು ತಿಳಿದು ಬಹಳ ನೊಂದುಕೊಂಡಿದ್ದರು.

ಅಂದು ಅವರು ಇಸವಿಯ ಮಾತೆತ್ತಲಿಲ್ಲ. ಹೆಂಡತಿಯ ಕೈಹಿಡಿದು ಜನಸಂದಣಿಯನ್ನು ದಾಟಿಸಿ, ಲಾಹೋರಿ ದ್ವಾರ ಎದುರಿಗೆ ಕಾಣುವಂಥ ಜಾಗದಲ್ಲಿ ನಿಲ್ಲಿಸಿದರು. “ಅಗೋ, ನೋಡು,” ಎಂದರು.

ಗಾಳಿಯಿರಲಿಲ್ಲ. ಬಾವುಟ ಕಂಬವನ್ನು ತಬ್ಬಿಕೊಂಡು ಜೋತಿತ್ತು. ಬಣ್ಣಗಳೂ ಪೂರ್ತಿ ಕಾಣುತ್ತಿರಲಿಲ್ಲ. ಆಕೆ ಕಾಲುದಾರಿಯ ಮೇಲೆಯೇ ಚಪ್ಪಲಿ ಬಿಟ್ಟು ನಿಂತರು. ಕಡಲೆಕಾಯಿ ಮಾರುವವರು, ಸೈಕಲ್ ರಿಕ್ಷಾದವರು, ಫೋಟೋ ತೆಗೆಸಿಕೊಳ್ಳುವವರು ಪಕ್ಕದಲ್ಲಿ ಹಾದು ಹೋಗುತ್ತಲೇ ಇದ್ದರು. ಹಾರಲಿ ಎಂದು ಮೇಷ್ಟ್ರು ಕಾದರು. ಬಾವುಟ ಹಾರಲಿಲ್ಲ.

“ಗಾಳಿ ಇಲ್ಲ ಕಣೆ,” ಎಂದರು, ತಮ್ಮದೇ ತಪ್ಪೆಂಬಂತೆ.

“ಇದೆಯಲ್ಲ, ಸಾಕು,” ಎಂದರು ಆಕೆ. ಸೆರಗಿನಿಂದ ಕಣ್ಣೊರಸಿಕೊಂಡು ಚಪ್ಪಲಿ ಮೆಟ್ಟಿಕೊಂಡರು. ಹತ್ತು ನಿಮಿಷ ಇನ್ನೂ ತುಂಬಿರಲಿಲ್ಲ.

ಬಸ್ಸು ಹೊರಟ ಮೇಲೆ, ಜಾಮಾ ಮಸೀದಿಯ ಗುಮ್ಮಟಗಳು ಸಂಜೆಯ ಹೊಗೆಯಲ್ಲಿ ಮಸುಕಾಗುತ್ತಿರುವಾಗ, ಆಕೆ ಗಂಡನ ಕಡೆ ತಿರುಗಿದರು. ಒಳಗೆ ಹೋಗಿ ದಿವಾನ್-ಇ-ಖಾಸನ್ನು ನೋಡಬೇಕೆಂದು ಆತನಿಗೆ ಎಷ್ಟು ಆಸೆಯಿತ್ತೆಂಬುದು ಆಕೆಗೆ ತಿಳಿಯದ ವಿಷಯವಲ್ಲ. “ನಾಳೆ ರೈಲು ರಾತ್ರಿಗೆ ತಾನೆ? ಬೆಳಿಗ್ಗೆ ನಿಮ್ಮ ಕೋಟೆ ನೋಡಿಬರೋಣ.”

“ನಾಳೆ ಸೋಮವಾರ. ಕೋಟೆಗೆ ರಜಾ.”

ಆಕೆ ಸ್ವಲ್ಪ ಯೋಚಿಸಿದರು. “ಹಾಗಾದರೆ ಮತ್ತೊಮ್ಮೆ ಬರೋಣ. ಸೋಮವಾರ ಬಿಟ್ಟು,” ಎಂದರು.

ಮೇಷ್ಟ್ರು ಚೀಟಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿ, ಹಾಗೆಯೇ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ದಿಲ್ಲಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದುವು.